ರೇಟು ಬಾಕಿ ಚೀಟಿ, ಮೆಸೇಜಿನ ಚಾರ್ಜು

ಅಡಿಕೆ ಅಂಗಡಿಯ ಅಣ್ಣಂದಿರಿಗೆಲ್ಲ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಆ್ಯಪಿನಲ್ಲಿ ರೇಟು ಹಾಕದೆಯೂ ಅಡಿಕೆ ಖರೀದಿಯ ಚೀಟಿ ಉಳಿಸಬಹುದು. ಬೆಳೆಗಾರರಿಗೆ ಹೋಗುವ ಮೆಸೇಜಿನ ಖರ್ಚನ್ನು ಮಾತ್ರ ಬೇರೆಯಾಗಿ ಹಿಡಿಯುತ್ತೇವೆ. ಅದಕ್ಕೆ ಬೈಗುಳ ಈಗಾಗಲೇ ಶುರುವಾಗಿದೆ, ಗೊತ್ತುಂಟು.

ರೇಟಿನ ವಿಷಯದಲ್ಲಿ ತಪ್ಪು ನಮ್ಮದೇ. ತೂಕ, ರೇಟು ಎರಡೂ ತುಂಬದೆ ಚೀಟಿ ಮುಂದೆ ಹೋಗದ ಹಾಗೆ ಮಾಡಿ, ಇನ್ನು ಲೆಕ್ಕ ತಪ್ಪುವುದೇ ಇಲ್ಲ ಅಂತ ಬೀಗುತ್ತಿದ್ದೆವು. ಬದಿಯಡ್ಕದ ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತಾಗ ಗೊತ್ತಾಯಿತು. ಗೋಣಿ ತೂಗಿ ಆಯಿತು, ಬೆಳೆಗಾರರು ಬಸ್ಸಿಗೆ ಹೊರಟು ನಿಂತರು, ಪಟೋರ, ಕರಿಗೋಟು ಅಂತ ಕಡಿಮೆ ದರ್ಜೆಯ ಅಡಿಕೆ ಬೇರೆ ಮಾಡಿ ರೇಟು ಹೇಳುವುದು ನಾಳೆ. ಅಣ್ಣ ಸುಮ್ನೆ ರೇಟಿನ ಜಾಗದಲ್ಲಿ 1 ಒತ್ತಿದರು. ಕೈತಪ್ಪಿ ಒತ್ತಿದ್ದು ಅಂತ ನಾವು ಇಷ್ಟು ದಿನ ಅಂದುಕೊಂಡಿದ್ದ ಆ ಒಂದು ರೂಪಾಯಿ ಇದು! ಇನ್ನು ಖಾಲಿ ಬಿಟ್ಟರೆ ಚೀಟಿಯಲ್ಲಿ 'ರೇಟು ಬಾಕಿ' ಅಂತ ಬರುತ್ತದೆ. ಹಳೆಯ ಒಂದು ರೂಪಾಯಿ ಚೀಟಿಗಳನ್ನು ನಾವಾಗಿ ಮುಟ್ಟುವುದಿಲ್ಲ, ಪಟ್ಟಿ ತೋರಿಸುತ್ತೇವೆ, ನೀವೇ ತಿದ್ದಿ.

ಇನ್ನು ಎಲ್ಲರೂ ಕೇಳುವುದು: "ಇಂಗ್ಲಿಷಿಗೆ ಒಂದು ಚಾರ್ಜು, ಕನ್ನಡಕ್ಕೆ ಡಬಲ್. ಕನ್ನಡದವರೇ ಆಗಿ ಹೀಗೆ ಮಾಡ್ತೀರಾ?"

ಮಾರಾಯ್ರೇ, ಈ ಲೆಕ್ಕ ನಾವು ಮಾಡಿದ್ದಲ್ಲ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡವಾದರೆ 70 ಮಾತ್ರ. ಮಲಯಾಳಕ್ಕೂ ಅಷ್ಟೇ. ಅದರಲ್ಲೂ ಕಾಗುಣಿತದ ಚಿಹ್ನೆಗಳಿಗೆ ಬೇರೆ ಲೆಕ್ಕ. 'ಅಡಿಕೆ' ನಮ್ಮ ಕಣ್ಣಿಗೆ ಮೂರು ಅಕ್ಷರ, ಫೋನಿಗೆ 5. ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಬೀಳುತ್ತದೆ. 71 ಆಯಿತೋ, ಎರಡು ಮೆಸೇಜಿನ ದುಡ್ಡು. ಈಗ ರೇಟು ಬಾಕಿ ಬೇರೆ, ತೂಕಕ್ಕೊಂದು, ರೇಟಿಗೊಂದು ಕಳಿಸಬೇಕು. ಇಷ್ಟು ದಿನ ಅದನ್ನು ನಮ್ಮ ಕೈಯಿಂದಲೇ ಕಟ್ಟಿದ್ದೇವೆ, ಅದನ್ನು ಯಾರೂ ಹೇಳುವುದಿಲ್ಲ ಅಲ್ವಾ? ವಾಟ್ಸಾಪಿನಲ್ಲಿ ಕಳಿಸಿ ಅಂತೀರಿ. ನಿಮಗೆ ಅಡಿಕೆ ತರುವವರಲ್ಲಿ ಬಟನ್ ಫೋನಿನವರು ಎಷ್ಟು ಜನ ಅಂತ ನೀವೇ ನೋಡಿ. ಅವರಿಗೆ ಆ ಮೆಸೇಜೇ ರಶೀದಿ, ಓದಲಿಕ್ಕೆ ಬರುವುದು ಕನ್ನಡ. ಇಂಗ್ಲಿಷಿಗೆ ಬದಲಿಸಿದರೆ ನಮಗೇ ಸುಲಭ, ಆದರೆ ಬದಲಿಸುವುದಿಲ್ಲ.

ತೂಕದ ಮೆಸೇಜನ್ನು ಹೇಗೋ 70ರೊಳಗೆ ತಂದಿದ್ದೇವೆ. 'ಧನ್ಯವಾದಗಳು' ಒಂದೇ 10 ತಿನ್ನುತ್ತಿತ್ತು, ತೆಗೆದೆವು. ಮರ್ಯಾದೆ ಇಲ್ಲದವರು ಅಂತ ನಿಮ್ಮ ಬೆಳೆಗಾರರು ಕೇಳಿದರೆ ನಮ್ಮ ಹೆಸರು ಹೇಳಿಬಿಡಿ.

ಮೊದಲ ವಾರ ಏನಾದರೂ ತೊಡಕಾದರೆ ಫೋನ್ ಮಾಡಿ, ನಮ್ಮಲ್ಲಿ ಒಬ್ಬರು ಅಂಗಡಿಗೇ ಬರುತ್ತೇವೆ.