ಸಂದು ಬಿಟ್ಟಿದ್ದು ಸುಮ್ನೆ ಅಲ್ಲ

ಮಾನ್ಯ ಸಂಪಾದಕರೇ,

ಹೊಲದ ಕಾಗದ ಕೊಡುವ ನಮ್ಮ ಆ ಎರಡು ಮಹಡಿ ಸರಕಾರಿ ಕಚೇರಿ ಇನ್ನು ಭೂಕಂಪಕ್ಕೂ ಜಗ್ಗುವುದಿಲ್ಲ ಎಂದು ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೋ ಚೆನ್ನಾಗಿ ಬಂದಿದೆ. ರಿಬ್ಬನ್, ಕತ್ತರಿ, ಹಾರ ಎಲ್ಲ ಕಾಣಿಸುತ್ತವೆ. ಹೊಸದಾಗಿ ಹಾಕಿದ ಉಕ್ಕಿನ ಬ್ರೇಸುಗಳು, ಅಂದರೆ ಕಂಬಗಳ ನಡುವೆ ಕೊಟ್ಟ ಓರೆ ಆಸರೆಗಳು, ಮಾತ್ರ ಸಾಹೇಬರ ಹಿಂದೆ ಮುಚ್ಚಿಹೋಗಿವೆ. ಅವನ್ನು ಸೋಮವಾರ ನಾನೇ ಕಣ್ಣಾರೆ ನೋಡಿ ಬಂದೆ. ನೋಡಿದ್ದಕ್ಕೆ ಹೊಸ ಧೋತರದಲ್ಲಿ ಮೂರು ತೂತು.

ಹೊಲದ ಸಾತ್‌ಬಾರಾ ಉತಾರ, ಅಂದರೆ ಪಹಣಿ, ಬೇಕಿತ್ತು. ಬೆಳಗಿನ ಎಸ್‌ಟಿ ಬಸ್ ಹಿಡಿದು ಹೋದೆ. ಮೊದಲಿದ್ದ ಕಿಟಕಿಗೆ ಬ್ರೇಸ್ ಅಡ್ಡ ಬಂದಿದೆ ಅಂತ ಕೌಂಟರನ್ನು ಮೇಲಿನ ಮಹಡಿಗೆ ಒಯ್ದಿದ್ದಾರೆ. ಮೇಲೆ ಹತ್ತಿದರೆ, ‘ಕೆಳಗೆ ಹೋಗಿ ಸಹಿ ಹಾಕಿಸಿಕೊಂಡು ಬನ್ನಿ’. ಕೆಳಗಿಳಿದರೆ ಮೆಟ್ಟಿಲ ಬುಡದಲ್ಲೇ ವೆಲ್ಡಿಂಗ್. ಎಪ್ಪತ್ತು ವರ್ಷದ ಮೊಣಕಾಲು ಸ್ವಾಮಿ, ಎಷ್ಟು ಸಲ ಹತ್ತಿ ಇಳಿಯಲಿ? ಕಿಡಿ ಹಾರಿ ಧೋತರ ಸುಟ್ಟಿತು. ಅರ್ಜಿಯ ಮೂಲೆಯೂ ಕರ್ರಗಾಯಿತು. ಮೇಲಿನವರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ‘ಸುಟ್ಟ ಕಾಗದ ನಡೆಯಲ್ಲ’ ಅಂದರು.

ಇಷ್ಟಾದ ಮೇಲೆ ಸುಮ್ಮನಿರೋದು ಹೇಗೆ? ವೆಲ್ಡಿಂಗ್ ಹುಡುಗನ ಹತ್ತಿರ ಹೋಗಿ ನಿಂತೆ. ಬ್ರೇಸಿನ ತುದಿಯಲ್ಲಿ, ಹೊರಗಿನ ಕೊಳವೆ ಮುಗಿದು ಒಳಗಿನ ಉಕ್ಕಿನ ಪಟ್ಟಿ ಹೊರಬರುವ ಕಡೆ, ಬೆರಳು ತೂರುವಷ್ಟು ಸಂದು ಇದೆ. ಆ ಸಂದಿಗೆ ಅಡ್ಡ ಆಂಗಲ್ ತುಂಡು ಇಟ್ಟು ಬೆಸೆಯುತ್ತಿದ್ದ. ಯಾಕಪ್ಪಾ ಅಂದೆ. “ಕಾಕಾ, ಇಲ್ಲಿ ಸಂದು ಬಿಟ್ಟಾರ್ರೀ. ಬೋರ್ಡ್ ತೂಗಹಾಕಬೇಕು, ಗಟ್ಟಿ ಮಾಡು ಅಂದಾರ.” ಯಾವ ಬೋರ್ಡು ಅಂತ ನೋಡಿದರೆ, ಗೋಡೆಗೆ ಒರಗಿಸಿಟ್ಟಿದ್ದರು. ‘ಭೂಕಂಪ ಸುರಕ್ಷಿತ ಕಟ್ಟಡ’!

ನನ್ನ ಅಳಿಯ ಪುಣೆಯಲ್ಲಿ ಕಟ್ಟಡದ ಎಂಜಿನಿಯರ್. ಮೊಬೈಲಿನಲ್ಲಿ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. “ಮಾವಾರೆ, ಇದನ್ನ ಯಾರು ಮಾಡಿದ್ರು?”

ಅವರು ಹೇಳಿದ್ದು ನನ್ನಂಥ ರೈತನಿಗೂ ತಿಳಿಯಿತು. ಬರೀ ಉಕ್ಕಿನ ಪಟ್ಟಿ ಎಳೆದರೆ ತಡೆಯುತ್ತದೆ, ಒತ್ತಿದರೆ ಪಕ್ಕಕ್ಕೆ ಬಾಗಿಬಿಡುತ್ತದೆ. ಅದಕ್ಕೇ ಸುತ್ತ ಕೊಳವೆ ಹಾಕಿ ಗಾರೆ ತುಂಬುತ್ತಾರೆ. ಗಾರೆ ಪಟ್ಟಿಗೆ ಅಂಟದ ಹಾಗೆ ನಡುವೆ ಒಂದು ಲೇಪ ಇರುತ್ತದೆ. ನೆಲ ಅಲುಗಿದಾಗ ಪಟ್ಟಿ ಹಿಗ್ಗುತ್ತದೆ, ಕುಗ್ಗುತ್ತದೆ, ಹೊಡೆತದ ಹೆಚ್ಚಿನ ಪಾಲನ್ನು ತಾನೇ ತಿನ್ನುತ್ತದೆ. ಕಂಬ, ತೊಲೆ ಉಳಿಯುತ್ತವೆ. ಆಮೇಲೆ ಬ್ರೇಸ್ ಬದಲಿಸಿದರಾಯಿತು. ಜಪಾನಿನವರು 1980ರ ದಶಕದಿಂದಲೇ ಇದನ್ನು ಕಟ್ಟಡಗಳಿಗೆ ಹಾಕುತ್ತಿದ್ದಾರಂತೆ. ಆ ಸಂದು ಪಟ್ಟಿ ಕುಗ್ಗುವುದಕ್ಕೆ ಬಿಟ್ಟ ಜಾಗ. ಅದನ್ನು ಬೆಸೆದರೆ ಬ್ರೇಸ್ ಮಣಿಯಬೇಕಾದಾಗ ಮಣಿಯುವುದಿಲ್ಲ, ಹೊಡೆತ ಸೀದಾ ಕಂಬಕ್ಕೆ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತುತ್ತಾರಲ್ಲ, ಹಾಗೆ.

ನಮಗೆ ಭೂಕಂಪ ಪತ್ರಿಕೆಯಲ್ಲಿ ಓದಿ ಗೊತ್ತಾದದ್ದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿ ನಡುಗಿತು. ಜನ ಗಣಪತಿ ಕಳಿಸಿ ಬಂದು ಮಲಗಿದ್ದರು. ಇಲ್ಲಿ ನಮ್ಮ ಜಂತಿಯಿಂದ ಮಣ್ಣು ಉದುರಿತು, ತಾಮ್ರದ ಕೊಡ ಉರುಳಿತು. ಅಲ್ಲಿ ಮಣ್ಣಿನ ಗಾರೆಯ ಕಲ್ಲುಗೋಡೆ, ಮೇಲೆ ಮಣಗಟ್ಟಲೆ ಮಣ್ಣಿನ ಮಾಳಿಗೆ. ಎಲ್ಲ ಮೈಮೇಲೆ ಬಿದ್ದು 10,000ದ ಹತ್ತಿರ ಜನ ಹೋದರು. ಆಗಿನ ಸರಕಾರಿ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಒಂದನೇ ವಲಯ, ಅಂದರೆ ಎಲ್ಲಕ್ಕಿಂತ ಕಡಿಮೆ ಭಯದ ಜಾಗ! 2002ರಲ್ಲಿ ಆ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದರು. 2002ರ ಆ ನಕ್ಷೆಯಲ್ಲಿ ನಮ್ಮ ಸೊಲ್ಲಾಪುರ ಮೂರನೇ ವಲಯ. ಕಾಗದದ ಮೇಲೆ ನಮ್ಮವರು ಯಾವತ್ತೂ ಹುಷಾರು.

ಅಷ್ಟು ಕಾಳಜಿ ಇದ್ದರೆ ನಮ್ಮೂರ ಕನ್ನಡ ಶಾಲೆಯ ಗೋಡೆ ನೋಡಲಿ. ಬಿರುಕಿಗೆ ಪ್ರತಿ ವರ್ಷ ಸುಣ್ಣ, ಸುಣ್ಣದ ಮೇಲೆ ‘ಸ್ವಚ್ಛತೆ’ ಎಂಬ ಬರಹ. ಅಲ್ಲಿಗೆ ಒಂದು ರಿಬ್ಬನ್ನೂ ಬರಲಿಲ್ಲ, ಹೋಗಲಿ, ಖಾಲಿ ಇರುವ ಮಾಸ್ತರರ ಜಾಗಕ್ಕೆ ಒಬ್ಬರೂ ಬರಲಿಲ್ಲ. ಅರ್ಜಿ ನಮೂನೆ ಕನ್ನಡದಲ್ಲಿ ಕೊಡಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ? ಈ ಬೇಸಿಗೆಯ ನೀರಿನ ಟ್ಯಾಂಕರಿನ ಕಥೆ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಈಗ ಯಾರಾದರೂ ತಿಳಿದವರು ಬಂದು ಆ ಬ್ರೇಸುಗಳನ್ನು ನೋಡಲಿ, ಬೆಸುಗೆ ತೆಗೆಯಬೇಕೋ, ಬ್ರೇಸನ್ನೇ ಬದಲಿಸಬೇಕೋ ಹೇಳಲಿ. ಅದಾಗಲ್ಲ ಅಂದರೆ ಬೋರ್ಡನ್ನಾದರೂ ಇಳಿಸಿ. ಕೌಂಟರನ್ನೂ ಕೆಳಗೆ ತನ್ನಿ. ಇಲ್ಲಾಂದ್ರೆ ಸಾಹೇಬರೇ ದಿನಾ ನಾಲ್ಕು ಸಲ ಆ ಮೆಟ್ಟಿಲು ಹತ್ತಿ ಇಳಿಯಲಿ. ಧೋತರದ ದುಡ್ಡು ಗುತ್ತಿಗೆದಾರ ಕೊಡುತ್ತಾನೋ, ಕಚೇರಿ ಕೊಡುತ್ತದೋ, ಅದನ್ನೂ ಹೇಳಲಿ. ಉತಾರ ಇನ್ನೂ ಸಿಕ್ಕಿಲ್ಲ.

— ಒಬ್ಬ ರೈತ, ಅಕ್ಕಲಕೋಟ ತಾಲೂಕು