ಆ ಒಂದು ಸ್ಕ್ರೂ ಮಾರಿ ಸಾಕು

ಮಾನ್ಯ ಸಂಪಾದಕರೇ,

ನಾನು ಹೊಲಿಗೆ ಮೆಷಿನ್ ಮುಂದೆ 32 ವರ್ಷ ಕೂತವಳು. ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ಕಾಲು ಸುತ್ತು ಆಚೀಚೆ ಆದರೂ ಹೊಲಿಗೆ ಕೆಡುತ್ತದೆ. ಅದರ ತಲೆ ಹಾಳಾಯಿತೋ, ಆಮೇಲೆ ಬಿಗಿ ಮಾಡುವುದಕ್ಕೂ ಆಗುವುದಿಲ್ಲ, ಸಡಿಲ ಮಾಡುವುದಕ್ಕೂ ಆಗುವುದಿಲ್ಲ. ಇದು ಗೊತ್ತಿದ್ದೂ ವಾಚಿನ ಚೈನಿನ ಸ್ಕ್ರೂ ವಿಷಯದಲ್ಲಿ ನಾನು ನೋಡದೇ ಬಿಟ್ಟೆ. ಬೇರೆಯವರಿಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ವಾಚ್ ಕಂಪನಿಯವರಿಗೆ ಒಂದು ಮಾತು ಕೇಳುವುದೂ ಇದೆ.

ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾಯಿತು. ಬಹಳ ವರ್ಷ ದುಡ್ಡು ಕೂಡಿಟ್ಟು ಅವರು ಕೊಂಡದ್ದು ಒಂದೇ ಒಂದು ದುಬಾರಿ ವಸ್ತು, ಒಂದು ಸ್ವಿಸ್ ವಾಚು. ಸ್ಟೀಲ್ ಚೈನ್, ಕೊಂಡಿಗೆ ಕೊಂಡಿ ಸ್ಕ್ರೂ ಹಾಕಿ ಜೋಡಿಸಿದ್ದು. ಅದನ್ನು ಪೆಟ್ಟಿಗೆಯಲ್ಲಿಡಲು ಮನಸ್ಸು ಬರಲಿಲ್ಲ, ನಾನೇ ಕಟ್ಟಿಕೊಳ್ಳೋಣ ಅಂದುಕೊಂಡೆ. ನನ್ನ ಮಣಿಕಟ್ಟು ಸಣ್ಣದು. ಮೂರು ಕೊಂಡಿ ತೆಗೆಸಬೇಕಾಯಿತು, ಒಂದು ಕಡೆಯಿಂದ ಎರಡು, ಇನ್ನೊಂದು ಕಡೆಯಿಂದ ಒಂದು. ಅಂಗಡಿಯಲ್ಲಿ ಐದೇ ನಿಮಿಷದಲ್ಲಿ ಮುಗಿಸಿ ಕೊಟ್ಟರು. ತೆಗೆದ ಕೊಂಡಿಗಳನ್ನು ಒಂದು ಚೀಟಿಯಲ್ಲಿ ಸುತ್ತಿ ಕೊಟ್ಟರು. ನಾನು ಅದನ್ನು ಗುಂಡಿ ಹಾಕಿಡುವ ಡಬ್ಬಿಯಲ್ಲಿಟ್ಟೆ. ಅಷ್ಟು ಮಾಡಿದ್ದು ಒಳ್ಳೆಯದಾಯಿತು.

ಕೆಲವು ದಿನ ರೇಷ್ಮೆ ಬಟ್ಟೆ ಹೊಲಿಯುವಾಗ ಎಳೆ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಉಗುರು ಸೀಳಿರಬೇಕು ಅಂದುಕೊಂಡು ಸುಮ್ನೆ ಇದ್ದೆ. ಒಂದು ದಿನ ಕೈ ತೊಳೆಯುವಾಗ ಚೈನು ಬಿಚ್ಚಿಕೊಂಡಿತು. ವಾಚು ಕೈಯಿಂದ ಜಾರಿತು. ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ, ಇಲ್ಲದಿದ್ದರೆ ನೆಲಕ್ಕೆ ಬೀಳುತ್ತಿತ್ತು. ಅವತ್ತು ನನ್ನ ಎದೆ ಎಷ್ಟು ಹೊತ್ತು ಹೊಡೆದುಕೊಂಡಿತು ಅಂತ ನನಗೇ ಗೊತ್ತು.

ಸೂಜಿಗೆ ದಾರ ಪೋಣಿಸಲು ಇಟ್ಟುಕೊಂಡಿರುವ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಸ್ಕ್ರೂ ಅರ್ಧ ಆಚೆ ಬಂದಿತ್ತು. ಅದರ ತಲೆಯ ಸೀಳು ಸೀಳಾಗಿ ಉಳಿದಿರಲಿಲ್ಲ. ಎರಡೂ ಅಂಚು ಮೇಲೆದ್ದು ಹೊರಕ್ಕೆ ಮಡಚಿಕೊಂಡಿದ್ದವು. ರೇಷ್ಮೆ ಎಳೆ ಹಿಡಿಯುತ್ತಿದ್ದದ್ದು ಆ ಅಂಚು. ಇನ್ನೊಂದು ಕಡೆಯ ಸ್ಕ್ರೂ ಅಲುಗಾಡುತ್ತಿರಲಿಲ್ಲ, ಆದರೆ ಅದರ ತಲೆಯೂ ಹಾಗೇ ಕಿತ್ತುಹೋಗಿತ್ತು, ಪಕ್ಕದ ಕೊಂಡಿಯ ಮೇಲೆ ಸ್ಕ್ರೂಡ್ರೈವರ್ ಜಾರಿದ ಉದ್ದನೆ ಗೀರು ಬೇರೆ. ಡಬ್ಬಿಯಲ್ಲಿದ್ದ ಕೊಂಡಿಗಳನ್ನೂ ತೆಗೆದು ನೋಡಿದೆ. ಅಂಗಡಿಯಲ್ಲಿ ಮುಟ್ಟಿದ ನಾಲ್ಕು ಸ್ಕ್ರೂಗಳೂ ಹಾಳಾಗಿದ್ದವು. ಜೋಡಿಯಾಗಿ ತೆಗೆದ ಎರಡು ಕೊಂಡಿಗಳ ನಡುವೆ ಒಂದು ಸ್ಕ್ರೂ ಇತ್ತಲ್ಲ, ಅದನ್ನು ಬಿಚ್ಚುವ ಅಗತ್ಯ ಬಿದ್ದಿರಲಿಲ್ಲ. ಅದೊಂದು ಮಾತ್ರ ಹೊಸದರ ಹಾಗಿತ್ತು.

ಕೊನೆಗೆ ಹಳೆಯ ಕಾಲದ ಒಬ್ಬ ವಾಚ್ ರಿಪೇರಿಯವರ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದು ಚೈನನ್ನು ವಾಚಿನಿಂದ ಬಿಡಿಸಿ, ವಾಚನ್ನು ದೂರ ಇಟ್ಟದ್ದು. ಆಮೇಲೆ ಕೊಂಡಿಯನ್ನು ಬಿಸಿ ಮಾಡಿದರು. ಬಿಸಿ ಯಾಕೆ ಅಂತ ಕೇಳಿದೆ. ಇಂತಹ ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳದಿರಲಿ ಅಂತ ಥ್ರೆಡ್‌ಗೆ (ಅಂದರೆ ಸ್ಕ್ರೂ ತುದಿಯ ಸುರುಳಿ ಗೆರೆಗೆ) ಒಂದು ಹನಿ ಅಂಟು ಹಾಕಿರುತ್ತಾರಂತೆ. ಥ್ರೆಡ್ ಲಾಕರ್ ಅನ್ನುತ್ತಾರೆ, ಲಾಕ್‌ಟೈಟ್ ಅಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಅದು ಗಾಳಿಗೆ ಒಣಗುವ ಅಂಟಲ್ಲ. ಗಾಳಿ ಸಿಗದ ಜಾಗದಲ್ಲಿ, ಲೋಹ ಲೋಹಕ್ಕೆ ತಾಗಿದಲ್ಲಿ ಗಟ್ಟಿಯಾಗುತ್ತದೆ. ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಹೇರ್ ಡ್ರೈಯರ್ ಬಿಸಿಯಲ್ಲೂ ಎಷ್ಟೋ ಸ್ಕ್ರೂಗಳು ಬಿಡುತ್ತವೆ ಅಂದರು. ಬಿಸಿ ಮಾಡದೆ ತಿರುಗಿಸಿದರೆ ಅಂಟು ಬಿಡುವುದಿಲ್ಲ, ತಲೆ ಬಿಡುತ್ತದೆ. ವಾಚು ಜೊತೆಯಲ್ಲೇ ಇದ್ದರೆ ನೀರು ಹೋಗದಂತೆ ತಡೆಯುವ ರಬ್ಬರ್ ರಿಂಗಿಗೆ ಬಿಸಿ ಒಳ್ಳೆಯದಲ್ಲ, ಅದಕ್ಕೇ ಮೊದಲು ಬಿಡಿಸಿದ್ದು.

ಸ್ಕ್ರೂಡ್ರೈವರನ್ನೂ ತೋರಿಸಿದರು. ತುದಿ 1.6 ಮಿಲಿಮೀಟರ್ ಅಗಲ. ಸ್ಕ್ರೂ ತಲೆಯ ಅಗಲಕ್ಕೆ ಸರಿಹೊಂದಬೇಕು, ಸೀಳಿನ ತಳ ಮುಟ್ಟಬೇಕು, ಅಕ್ಕಪಕ್ಕ ಅಲುಗಬಾರದು. ಮೊದಲು ಒತ್ತಬೇಕು, ಆಮೇಲೆ ತಿರುಗಿಸಬೇಕು. ಮೆಷಿನ್ ಪ್ಲೇಟಿನ ಸ್ಕ್ರೂಗೆ ನಾನು ಹೊಸ ಹುಡುಗಿಯರಿಗೆ ಹೇಳಿಕೊಡುವುದೂ ಇದನ್ನೇ, ಅಲ್ವಾ!

ಮುಟ್ಟದ ಆ ಸ್ಕ್ರೂವನ್ನು ಅವರು ಹೀಗೇ ಬಿಚ್ಚಿದರು. ಒಂದು ಗೀರೂ ಬೀಳದೆ ಈಚೆ ಬಂತು. ಅದೇ ವಾಚು, ಅದೇ ಅಂಟು, ಅದೇ ಸ್ಕ್ರೂ. ಅದನ್ನು ಕಾಗದದ ಮೇಲೆ ಇಟ್ಟು ಹಾಳಾದ ಸ್ಕ್ರೂ ಪಕ್ಕದಲ್ಲಿ ಮಲಗಿಸಿ ಅಳೆದರು. ಚೈನು ಬಕಲ್ ಕಡೆಗೆ ಹೋಗುತ್ತಾ ಕಿರಿದಾಗಿದ್ದರೆ ಸ್ಕ್ರೂ ಉದ್ದವೂ ಬೇರೆಯಾಗಬಹುದು, ನೋಡದೆ ಹಾಕಬಾರದು ಅಂದರು. ನಮ್ಮ ಅದೃಷ್ಟ, ಎರಡೂ ಒಂದೇ ಉದ್ದ ಇದ್ದವು. ಆಚೆ ಬಂದಿದ್ದ ಸ್ಕ್ರೂ ಜಾಗಕ್ಕೆ ಅದನ್ನೇ ಹಾಕಿದರು. ಮೈಯೆಲ್ಲ ನುಣುಪು, ಥ್ರೆಡ್ ಇರುವುದು ತುದಿಯಲ್ಲಿ ಮಾತ್ರ. ಆ ನಾಲ್ಕಾರು ಸುತ್ತು ಕಚ್ಚಿಕೊಂಡಿರುವುದರಿಂದಲೇ ಇಡೀ ವಾಚು ಕೈಯಲ್ಲಿ ನಿಲ್ಲುತ್ತದೆ.

ಅಂಗಡಿಯಲ್ಲಿ ಕೊಂಡಿ ತೆಗೆಸುವವರಿಗೆ ನನ್ನ ವಿನಂತಿ ಇಷ್ಟು. ತೆಗೆದ ಕೊಂಡಿಗಳನ್ನು ಮರೆಯದೆ ಕೇಳಿ ತನ್ನಿ, ಬಿಸಾಡಬೇಡಿ. ನಿಮ್ಮ ವಾಚಿಗೆ ಸರಿಯಾಗಿ ಹೊಂದುವ ಸ್ಕ್ರೂ ಅದರೊಳಗೇ ಇರಬಹುದು. ಅಲ್ಲೇ ನಿಂತು ಸ್ಕ್ರೂ ತಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಬೆರಳಾಡಿಸಿ. ಚುಚ್ಚಿದರೆ ಬಿಡಬೇಡಿ, ಆಗಲೇ ಹೇಳಿ. ಹಾಳಾದ ತಲೆಯ ಸ್ಕ್ರೂವನ್ನು ಮತ್ತೆ ಮತ್ತೆ ತಿರುಗಿಸಿದರೆ ಮುರಿಯುತ್ತದೆ, ಮುರಿದ ತುಂಡು ಕೊಂಡಿಯೊಳಗೆ ಉಳಿದರೆ ಕಷ್ಟ ಜಾಸ್ತಿ. ಪಟಿಕದ ಬಿಸಿ ನೀರಿನಲ್ಲಿ ಹಾಕಿದರೆ ಕರಗುತ್ತದಂತೆ ಅಂತ ಯಾರೋ ಹೇಳಿದ್ದರು. ವಾಚಿನ ಒಳಗೆ, ಹಿತ್ತಾಳೆ ಪ್ಲೇಟಿನಲ್ಲಿ ಮುರಿದ ಸಾದಾ ಉಕ್ಕಿನ ಸ್ಕ್ರೂಗೆ ಆ ಉಪಾಯ ನಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಚೈನಿಗೆ ನಡೆಯುವುದಿಲ್ಲ.

ಈಗ ನನ್ನ ಚೈನಿನ ಇನ್ನೊಂದು ಕಡೆಯ ಸ್ಕ್ರೂ ಮಾತು. ಅದರ ತಲೆಯಲ್ಲಿ ಸೀಳೇ ಉಳಿದಿರಲಿಲ್ಲ. ರಿಪೇರಿಯವರು ಸಣ್ಣ ಅರದಿಂದ ಹೊಸ ಸೀಳು ಕೊರೆದು, ಬಿಸಿ ಮಾಡಿ, ಈಚೆ ತಂದರು. ಬದಲಿಗೆ ಹಾಕಲು ಒಳ್ಳೆಯದು ಇಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಸ್ಕ್ರೂ ಬಿಡಿಯಾಗಿ ಮಾರುವುದಿಲ್ಲ, ವಾಚು ಬಿಟ್ಟು ಹೋಗಿ, ಚೈನು ಪೂರ್ತಿ ನೋಡಿ ಹೇಳುತ್ತೇವೆ ಅಂದರು. ಹೊರಗೆ ಸಿಗುವ ನಕಲಿ ಸ್ಕ್ರೂ ನೋಡಲು ಹಾಗೇ ಇರುತ್ತದೆ, ಆದರೆ ಥ್ರೆಡ್ ಒಂಚೂರು ಬೇರೆಯಾದರೂ ಕೊಂಡಿಯ ಥ್ರೆಡ್ಡೇ ಹೋಗುತ್ತದೆ ಅಂತ ರಿಪೇರಿಯವರು ಅದನ್ನು ಹಾಕಲು ಒಪ್ಪಲಿಲ್ಲ.

ಇದು ನನ್ನೊಬ್ಬಳ ಗೋಳಲ್ಲ. ಯುರೋಪಿನಲ್ಲಿ ಸ್ವಂತವಾಗಿ ವಾಚ್ ರಿಪೇರಿ ಮಾಡುವವರ ಒಕ್ಕೂಟವೇ, ದೊಡ್ಡ ಕಂಪನಿಗಳು ಬಿಡಿಭಾಗ ಕೊಡುತ್ತಿಲ್ಲ ಅಂತ 2004ರಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತ್ತು. ಎಳೆದೂ ಎಳೆದೂ 2014ರಲ್ಲಿ ಆ ದೂರನ್ನು ತಳ್ಳಿಹಾಕಿದರು. 2017ರಲ್ಲಿ ಅಲ್ಲಿನ ಕೋರ್ಟ್ ಕೂಡ ಅದನ್ನೇ ಸರಿ ಅಂದಿತು. ಕೆಲಸದ ಗುಣಮಟ್ಟ ಕಾಪಾಡಬೇಕು, ನಕಲಿ ತಡೆಯಬೇಕು ಅನ್ನುವುದು ಕಂಪನಿಗಳ ವಾದ. ವಾಚಿನ ಒಳಗಿನ ಚಕ್ರ, ಸ್ಪ್ರಿಂಗ್ ವಿಷಯಕ್ಕೆ ನಾನು ಈ ವಾದ ಒಪ್ಪುತ್ತೇನೆ. ಅದಕ್ಕೆ ಕಲಿತ ಕೈ ಬೇಕು. ಆದರೆ ಚೈನಿನ ಸ್ಕ್ರೂ? ಗುಂಡುಸೂಜಿಗಿಂತ ಗಿಡ್ಡ, ಅದಕ್ಕಿಂತ ಒಂಚೂರು ದಪ್ಪ. ಅದನ್ನು ಕೊಡದಿದ್ದರೆ ಜನ ನಕಲಿ ಹುಡುಕಿಕೊಂಡೇ ಹೋಗುತ್ತಾರೆ. ತಡೆಯಬೇಕು ಅಂದದ್ದನ್ನು ಅವರೇ ಬೆಳೆಸಿದ ಹಾಗಾಯಿತು.

ವಾಚು ತಂದು ತೋರಿಸಿದವರಿಗೆ, ಅದರ ನಂಬರ್ ನೋಡಿ, ಹಾಳಾದ ಸ್ಕ್ರೂ ವಾಪಸ್ ತೆಗೆದುಕೊಂಡು ಹೊಸದು ಕೊಡಲಿ. ದುಡ್ಡು ತೆಗೆದುಕೊಳ್ಳಲಿ, ಬೇಡ ಅನ್ನುವುದಿಲ್ಲ. ಹೊಸ ವಾಚು ಮಾರುವಾಗಲೇ ಒಂದೆರಡು ಸ್ಕ್ರೂ ಜಾಸ್ತಿ ಇಟ್ಟು ಕೊಟ್ಟರೆ ಇನ್ನೂ ಒಳ್ಳೆಯದು. ರವಿಕೆ ಹೊಲಿದು ಕೊಡುವಾಗ ಒಳಗೆ ಎರಡು ಹುಕ್ಕು ಹೆಚ್ಚಿಗೆ ಸಿಕ್ಕಿಸಿ ಕೊಡುವವಳು ನಾನು. ಅದಕ್ಕೆ ಯಾರ ಗುಣಮಟ್ಟವೂ ಇಳಿದಿಲ್ಲ.

ಸದ್ಯಕ್ಕೆ ಅರದಿಂದ ಸೀಳು ಕೊರೆದ ಸ್ಕ್ರೂವನ್ನೇ ವಾಪಸ್ ಹಾಕಿದ್ದಾರೆ. ತಲೆ ತೆಳುವಾಗಿದೆ, ಹೊಸದು ಸಿಗುವ ತನಕ ಕೈಗೆ ಕಟ್ಟಬೇಡಿ ಅಂದಿದ್ದಾರೆ. ವಾಚು ಮೆಷಿನ್ ಪಕ್ಕದಲ್ಲಿ, ಮಡಚಿದ ಬಟ್ಟೆಯ ಮೇಲಿದೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಕೀ ಕೊಡುತ್ತೇನೆ.

ಇಂತಿ,
ಹೊಲಿಗೆ ಕೆಲಸದ ಒಬ್ಬ ಓದುಗಿ