ಆ ರಾತ್ರಿಗಳನ್ನು ಕಾಯ್ದವರಿಗೆ

ಹೋದ ಶನಿವಾರಕ್ಕೆ ನಾನು ಕುಡಿತ ಬಿಟ್ಟು ನಾಲ್ಕು ವರ್ಷ ತುಂಬಿತು. ದಿನದ ಲೆಕ್ಕದಲ್ಲಿ 1461. ಅವತ್ತೇ ನಮ್ಮ ಹಾಸ್ಟೆಲಿನ ಹಳೇ ಗುಂಪು ಹದಿನೆಂಟು ವರ್ಷಗಳ ನಂತರ ಒಟ್ಟಿಗೆ ಸೇರಿತ್ತು. ದಿನ ಗೊತ್ತುಮಾಡಿದವರು ನೀವು. ಎಲ್ಲರಿಗೂ ರಜೆ ಹೊಂದುವ ದಿನ ಅಂತ ಹೇಳಿದ್ದಿರಿ. ಬಂದ ಮೇಲೆ ಗೊತ್ತಾಯಿತು, ನನ್ನ ತಾರೀಖು ನೆನಪಿಟ್ಟುಕೊಂಡೇ ಆರಿಸಿದ್ದಿರಿ. ಇಡೀ ಮನೆಯಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಯಾರೂ ಅದರ ಬಗ್ಗೆ ಮಾತು ತೆಗೆಯಲಿಲ್ಲ. ನಾಲ್ಕು ಮಾತು ಹೇಳೋಣ ಅಂತ ಎದ್ದು ನಿಂತೆ, ಗಂಟಲು ಕಟ್ಟಿತು. ಅವತ್ತು ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಕುಡಿತ ಬಿಟ್ಟವನು ಹಳೇ ದಿನಗಳನ್ನು ಬೈಯುತ್ತಾನೆ ಅಂತ ಜನ ಕಾಯುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ಆ ರಾತ್ರಿಗಳು ಚೆನ್ನಾಗಿದ್ದವು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಕೊನೆಯ ಪರೀಕ್ಷೆ ಮುಗಿದ ಸಂಜೆ ಟೆರೇಸಿಗೆ ಹೋಗುತ್ತಿದ್ದೆವಲ್ಲ, ನೀರಿನ ಟ್ಯಾಂಕಿನ ಹಿಂದೆ? ಯಾರದೋ ಬೆಡ್‌ಶೀಟು, ಯಾರದೋ ರೇಡಿಯೋ. ಏಳು ಜನಕ್ಕೆ ಮೂರು ಲೋಟ. ಎಲ್ಲರೂ ಮೇಲೆ ಬರುವವರೆಗೆ ಮುಚ್ಚಳ ತೆಗೆಯುವಂತಿರಲಿಲ್ಲ. ಬ್ಯಾಕ್ ಉಳಿದವನಿಗೆ ಮೊದಲ ಲೋಟ, ಅವನ ಎದುರು ಮಾರ್ಕ್ಸಿನ ಮಾತು ಎತ್ತುವ ಹಾಗಿಲ್ಲ. ಈ ನಿಯಮಗಳನ್ನು ಯಾರು ಮಾಡಿದರೋ ನೆನಪಿಲ್ಲ, ಯಾರೂ ಮುರಿದಿದ್ದೂ ನೆನಪಿಲ್ಲ. ಇಡೀ ವರ್ಷ ತರಗತಿಯಲ್ಲಿ ಬಾಯಿ ಬಿಡದವನು ಅಲ್ಲಿ ಹಾಡುತ್ತಿದ್ದ. ತನ್ನ ಅಪ್ಪನ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದ ಒಬ್ಬ, ಒಂದು ರಾತ್ರಿ ಅಪ್ಪನ ಬಗ್ಗೆ ಎರಡು ಗಂಟೆ ಮಾತಾಡಿದ. ಯಾರೂ ಅವನ ಮಾತಿಗೆ ಅಡ್ಡ ಬರಲಿಲ್ಲ. ಲೋಟ ಕೂಡ ಕೈ ಬದಲಾಯಿಸಲಿಲ್ಲ. ಬೆಳಗಿನ ಜಾವ ಖಾಲಿ ಬಾಟಲಿಗಳಿಗೆ ಒಂದೊಂದಕ್ಕೂ ಟವೆಲ್ ಸುತ್ತಿ ಬ್ಯಾಗಿಗೆ ತುಂಬುತ್ತಿದ್ದೆವು. ವಾರ್ಡನ್ ರೂಮಿನ ಮುಂದೆ ಹೋಗುವಾಗ ಒಂದಕ್ಕೊಂದು ತಾಗಿ ಸದ್ದಾಗಬಾರದು ಅಂತ. ಏಳು ಜನ ಉಸಿರು ಬಿಗಿಹಿಡಿದು ಸಾಲಾಗಿ ಮೆಟ್ಟಿಲು ಇಳಿಯುತ್ತಿದ್ದದ್ದು ನೆನಪಾದರೆ ಈಗಲೂ ಮೈ ಬೆಚ್ಚಗಾಗುತ್ತದೆ.

ಆದರೆ ಆ ನೆನಪುಗಳಲ್ಲಿ ಅರ್ಧ ನನ್ನವಲ್ಲ. ಇದು ನನಗೆ ತಡವಾಗಿ ತಿಳಿಯಿತು.

ನಾನು ಟ್ಯಾಂಕಿನ ಏಣಿ ಹತ್ತಿ ಭಾಷಣ ಮಾಡಿದ ಕಥೆ ನಿಮಗೆಲ್ಲ ಬಾಯಿಪಾಠ. ನಾನೂ ಅದನ್ನು ಎಷ್ಟೋ ಕಡೆ ಹೇಳಿದ್ದೇನೆ. ನಿಜ ಏನೆಂದರೆ, ಏಣಿಯ ಮೇಲೆ ನಿಂತದ್ದು ನನಗೆ ಗೊತ್ತೇ ಇಲ್ಲ. ಬೇಗ ಬೇಗ ಜಾಸ್ತಿ ಕುಡಿದಾಗ ಮೆದುಳಿನಲ್ಲಿ ಹೊಸ ನೆನಪು ಕೂಡಿಡುವ ಭಾಗ ಕೆಲಸ ನಿಲ್ಲಿಸುತ್ತದೆ. ಅದಕ್ಕೆ ಹಿಪೊಕ್ಯಾಂಪಸ್ ಅಂತ ಹೆಸರು. ಆಗ ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ಎಚ್ಚರವಾಗಿಯೇ ಇರುತ್ತಾನೆ. ಆದರೆ ಒಳಗೆ ಏನೂ ದಾಖಲಾಗುವುದಿಲ್ಲ. ಬ್ಲ್ಯಾಕ್‌ಔಟ್ ಅಂದರೆ ಅದೇ. ದಾಖಲಾಗದೇ ಹೋದದ್ದನ್ನು ಆಮೇಲೆ ಎಷ್ಟು ತಡಕಿದರೂ ಸಿಗುವುದಿಲ್ಲ. ಅಂದರೆ ನಾನು ಇಷ್ಟು ವರ್ಷ ನನ್ನದು ಅಂತ ಎದೆಗೆ ಒತ್ತಿಕೊಂಡ ಎಷ್ಟೋ ರಾತ್ರಿಗಳನ್ನು ನೀವು ನೋಡಿ, ನೀವು ನೆನಪಿಟ್ಟುಕೊಂಡು, ಮರುದಿನ ನನ್ನ ಕೈಗೆ ಕೊಟ್ಟಿದ್ದೀರಿ. ನನ್ನ ಯೌವನದ ಒಂದು ಪಾಲು ನಿಮ್ಮ ಹತ್ತಿರ ಇತ್ತು. ಜೋಪಾನ ಮಾಡಿದ್ದಕ್ಕೆ ಥ್ಯಾಂಕ್ಸ್.

ಈಗ ನಿನಗೆ, ಎದುರು ರೂಮಿನವನೇ. ಹೆಸರು ಬರೆಯುವುದು ಬೇಡ ಅಂದೆ, ಬರೆಯುವುದಿಲ್ಲ.

ನಮ್ಮ ಏಳು ಜನರಲ್ಲಿ ಕುಡಿಯದವನು ನೀನೊಬ್ಬನೇ. ಆದರೂ ಒಂದು ರಾತ್ರಿಯೂ ತಪ್ಪಿಸಲಿಲ್ಲ. ಮುಚ್ಚಳ ತೆಗೆಯುವ ಮೊದಲು ನಿನ್ನ ಹಳೇ ಕಂಪಾಸ್ ಬಾಕ್ಸು ಹಿಡಿದು ಸುತ್ತ ಬರುತ್ತಿದ್ದೆ. ಎಲ್ಲರ ಗಾಡಿ ಕೀ ಅದರೊಳಗೆ. ಬೆಳಿಗ್ಗೆ ಮುಖ ತೊಳೆದು ಬಂದು ನಿನ್ನ ಎದುರು ನೆಟ್ಟಗೆ ನಿಂತು ಮಾತಾಡಿದವನಿಗೆ ಮಾತ್ರ ಕೀ ವಾಪಸ್. ಮಧ್ಯಾಹ್ನದವರೆಗೆ ಕೊಡದ ದಿನವೂ ಇತ್ತು. ಆಗ ನಿನ್ನ ಮೇಲೆ ರೇಗಿದ್ದೇನೆ. ಕುಡಿದದ್ದನ್ನು ಲಿವರ್ ತನ್ನ ಲೆಕ್ಕದಲ್ಲೇ ಕರಗಿಸುತ್ತದೆ, ಒಂದು ಪೆಗ್ಗಿಗೆ ಸುಮಾರು ಒಂದು ಗಂಟೆ, ನೀನು ಅವಸರ ಮಾಡಿದರೆ ಅದಕ್ಕೆ ಅವಸರ ಆಗಲ್ಲ ಅಂತ ನೀನು ಹೇಳುತ್ತಿದ್ದೆ. ರಾತ್ರಿ ಮೂರಕ್ಕೆ ನಿಲ್ಲಿಸಿದವನು ಎಂಟು ಗಂಟೆಗೆ ಗಾಡಿ ಹತ್ತಿದರೆ ಇನ್ನೂ ಕುಡಿದವನೇ. ನಿನ್ನ ಅಮ್ಮ ನರ್ಸ್. ಅವರಿಂದ ಕಲಿತದ್ದು ಇದೆಲ್ಲ.

ಎರಡನೇ ವರ್ಷದ ಆ ರಾತ್ರಿ. ಯಾರು ಬೇಗ ಲೋಟ ಖಾಲಿ ಮಾಡುತ್ತಾರೆ ಅಂತ ಪಂದ್ಯ ಕಟ್ಟಿದ್ದೆವು. ನಾನು ಊಟ ಮಾಡಿರಲಿಲ್ಲ. ಗೆದ್ದೆನಂತೆ. ಆಮೇಲೆ ಬಿದ್ದೆ. ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗ್ತಾನೆ ಅಂತ ಎಲ್ಲರೂ ಅಂದರು. ಯಾರದೂ ಕೆಟ್ಟ ಮನಸ್ಸಲ್ಲ, ನಮಗೆ ಗೊತ್ತಿದ್ದದ್ದೇ ಅಷ್ಟು. ಒಬ್ಬ ಕಾಫಿ ಕುಡಿಸೋಣ ಅಂದ. ಇನ್ನೊಬ್ಬ ತಲೆಗೆ ತಣ್ಣೀರು ಸುರಿಯೋಣ ಅಂದ. ನೀನು ಎರಡಕ್ಕೂ ಬಿಡಲಿಲ್ಲ. ಕಾಫಿಯಿಂದ ಅಮಲು ಇಳಿಯುವುದಿಲ್ಲ. ಸರಿಯಾಗಿ ಎಚ್ಚರವಿಲ್ಲದವನ ಬಾಯಿಗೆ ಏನು ಹಾಕಿದರೂ ಉಸಿರುನಾಳಕ್ಕೆ ಹೋಗಬಹುದು. ಕುಡಿದಾಗ ಮೈ ಮೊದಲೇ ಶಾಖ ಕಳೆದುಕೊಳ್ಳುತ್ತಿರುತ್ತದೆ, ಅದರ ಮೇಲೆ ತಣ್ಣೀರು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿದ್ದ ಮೇಲೂ ಅಮಲು ಏರುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ಉಳಿದದ್ದು ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ. ಮಲಗಿದವನನ್ನು ಒಂಟಿಯಾಗಿ ಬಿಡುವುದು ಅದಕ್ಕೇ ಅಪಾಯ.

ನೀನು ನನ್ನನ್ನು ಎಡಮಗ್ಗುಲಿಗೆ ಹೊರಳಿಸಿದೆ. ಮೇಲಿನ ಮೊಣಕಾಲು ಮಡಚಿ ಮುಂದಕ್ಕಿಟ್ಟೆ. ವಾಂತಿಯಾದರೆ ಹೊರಗೆ ಹರಿಯಲಿ ಅಂತ ತಲೆ ಸ್ವಲ್ಪ ಹಿಂದಕ್ಕೆ ಮಾಡಿದೆ. ಅಂಗಾತ ಆಗದಿರಲಿ ಅಂತ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಒತ್ತಿದೆ. ಆಮೇಲೆ ವಾಚು ಬಿಚ್ಚಿ ಕೈಲಿ ಹಿಡಿದು ಕೂತೆ. ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕೆಳಗೆ ಬಂದರೆ, ಇಲ್ಲವೇ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಜಾಸ್ತಿ ಅಂತರ ಬಿದ್ದರೆ, ಇಲ್ಲವೇ ಅಲುಗಾಡಿಸಿದರೂ ನಾನು ಮಿಸುಕದೇ ಹೋದರೆ, ವಾರ್ಡನ್ ಬೈಯಲಿ, ಹಾಸ್ಟೆಲಿನಿಂದ ಹೊರಗೇ ಹಾಕಲಿ, ಆಂಬುಲೆನ್ಸ್ ಕರೆಯುವುದು ಅಂತ ತೀರ್ಮಾನ ಮಾಡಿದ್ದೆಯಂತೆ. ಎರಡು ಸಲ ವಾಂತಿಯಾಯಿತು. ಎರಡು ಸಲವೂ ನೀನೇ ಒರೆಸಿದೆ.

ಆ ರಾತ್ರಿಯ ಬಗ್ಗೆ ನೀನು ನನಗೆ ಏನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಶನಿವಾರ ನೀನು ಆ ಕಂಪಾಸ್ ಬಾಕ್ಸು ತಂದು ನನ್ನ ಕೈಗಿಟ್ಟೆ. ಒಳಗೆ ರೆಕಾರ್ಡ್ ಬುಕ್ಕಿನ ಒಂದು ಹಾಳೆ, ನಾಲ್ಕಾಗಿ ಮಡಚಿದ್ದು. ಪೆನ್ಸಿಲಿನಲ್ಲಿ ಎರಡು ಸಾಲು ಅಂಕಿಗಳು. 1:10, ಹನ್ನೊಂದು. 1:20, ಹತ್ತು. 1:30, ಹತ್ತು. 1:40, ಒಂಬತ್ತು. ಹೀಗೆ ಬೆಳಗಿನ 6:20ರವರೆಗೆ. 2:50ರ ಎದುರು ಒಂಬತ್ತು ಅಂತ ಬರೆದು ಅಡಿಗೆರೆ ಎರಡು ಸಲ ಎಳೆದಿದ್ದೆ. ಆಗ ನಿನಗೆ ಹತ್ತೊಂಬತ್ತು ವರ್ಷ, ಮಗಾ. ಮರುದಿನ ಬೆಳಿಗ್ಗೆ ನಾನು ನಿನಗೆ ಹೇಳಿದ್ದು ಒಂದೇ ಮಾತು. ಕೀ ಕೊಡು ಅಂತ.

ಇನ್ನಿಬ್ಬರ ಬಗ್ಗೆಯೂ ಹೇಳಬೇಕು. ಶನಿವಾರ ರಾತ್ರಿ ಮಾತಿಗೆ ಮಾತು ಬಂದು ನೀವಿಬ್ಬರೂ ಒಂದು ವಿಷಯ ಬಾಯಿಬಿಟ್ಟಿರಿ. ನಿಮಗೆ ಅದರ ರುಚಿಯೇ ಹಿಡಿಸುತ್ತಿರಲಿಲ್ಲವಂತೆ. ಕತ್ತಲಲ್ಲಿ ಎಷ್ಟೋ ಲೋಟ ಟ್ಯಾಂಕಿನ ಪಕ್ಕದ ಮೋರಿಗೆ ಹೋಗಿದೆಯಂತೆ. ಉಳಿದವರಿಗೆಲ್ಲ ಇಷ್ಟ, ನಾವು ಮಾತ್ರ ಬೇರೆ ಅಂದುಕೊಂಡಿದ್ದೆವು ಅಂದಿರಿ. ನನಗೂ ಮೊದಲ ವರ್ಷ ಹಾಗೇ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. 1993ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಇದೇ ವಿಷಯ ಕೇಳಿ ನೋಡಿದ್ದರು. ಕ್ಯಾಂಪಸ್ಸಿನ ಕುಡಿತದ ಬಗ್ಗೆ ತಮಗೆ ಇರುವ ಮುಜುಗರ ಉಳಿದವರಿಗೆ ಇಲ್ಲ ಅಂತಲೇ ಹೆಚ್ಚಿನವರು ನಂಬಿದ್ದರು. ಹುಡುಗರಂತೂ ದಿನ ಕಳೆದ ಹಾಗೆ ತಮ್ಮ ಮನಸ್ಸನ್ನೇ ಆ ತಪ್ಪು ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಾ ಹೋದರು. ಇದನ್ನು ಓದಿದಾಗ ನಮ್ಮ ಟೆರೇಸೇ ಕಣ್ಣೆದುರು ಬಂತು. ನಮ್ಮಲ್ಲಿ ಎಷ್ಟು ಜನ ಸುಮ್ನೆ ಪಕ್ಕದವನಿಗೋಸ್ಕರ ಕುಡಿದೆವೋ! ಎಲ್ಲರಿಗೂ ಬೇಕಾಗಿದ್ದದ್ದು ಆ ಬೆಡ್‌ಶೀಟಿನ ಮೇಲೆ ಒಂದಿಷ್ಟು ಜಾಗ, ಅಲ್ವಾ? ಇಷ್ಟು ವರ್ಷದ ಮೇಲಾದರೂ ಹೇಳಿದಿರಿ. ನನಗೆ ಎಷ್ಟು ಹಗುರಾಯಿತು ಅಂತ ಅವತ್ತು ಹೇಳಲು ಆಗಲಿಲ್ಲ.

ಕಾಲೇಜು ಮುಗಿದ ಮೇಲಿನದನ್ನು ಉದ್ದ ಮಾಡುವುದಿಲ್ಲ. ಹಾಸ್ಟೆಲಿನಲ್ಲಿ ಬಾಗಿಲು ತೆರೆದಿಟ್ಟು ಕುಡಿಯುತ್ತಿದ್ದೆ. ಆಮೇಲೆ ಚಿಲಕ ಹಾಕಿಕೊಂಡು ಕುಡಿಯತೊಡಗಿದೆ. ಟೆರೇಸಿನ ಆ ಬೆಚ್ಚಗಿನದನ್ನು ಬಾಟಲಿಯಲ್ಲಿ ಹುಡುಕುತ್ತಾ ಹತ್ತಕ್ಕೂ ಹೆಚ್ಚು ವರ್ಷ ಕಳೆದೆ. ನಿಮ್ಮ ಫೋನ್ ಎತ್ತುವುದನ್ನೂ ಬಿಟ್ಟಿದ್ದೆ.

ಒಂದು ದಿನ ಹಟ ಹಿಡಿದು ಒಬ್ಬನೇ ಒಮ್ಮೆಗೇ ನಿಲ್ಲಿಸಿದೆ. ಮರುದಿನ ಕೈ ನಡುಗಿತು, ಮೈಯೆಲ್ಲ ಬೆವರು. ಮೂರನೇ ರಾತ್ರಿ ಇಲ್ಲದ್ದೆಲ್ಲ ಕಾಣತೊಡಗಿತು. ಹೆಂಡತಿ ಆಸ್ಪತ್ರೆಗೆ ಕರೆದುಕೊಂಡು ಓಡಿದಳು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಹೀಗೆ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು ಅಂತ ಅಲ್ಲಿ ತಿಳಿಯಿತು. ಬಿಡಬೇಕು ಅಂತ ಯೋಚಿಸುತ್ತಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಇದು ಛಲದಿಂದ ಮಾತ್ರ ಆಗುವ ಕೆಲಸ ಅಲ್ಲ.

ಡಾಕ್ಟರಮ್ಮ, ನೀವು ನನ್ನನ್ನು ಗದರಲಿಲ್ಲ. ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟಿರಿ. ಕುಡಿತ ಎಷ್ಟು ಮಿತಿಮೀರಿದೆ ಅಂತ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯವರು ಸಿದ್ಧಪಡಿಸಿದ ಆಡಿಟ್ ಅನ್ನುವ ಪ್ರಶ್ನಾವಳಿ. 40ಕ್ಕೆ ನನಗೆ 29 ಬಂತು. ಎಂಟು ಬಂದರೇ ಎಚ್ಚರ ವಹಿಸಬೇಕು ಅಂದಿರಿ. ಆಮೇಲೆ ಸ್ಕ್ಯಾನ್ ತೋರಿಸಿ, ಲಿವರಿಗೆ ಕೊಬ್ಬು ತುಂಬಿದೆ, ಆದರೆ ಗಟ್ಟಿಯಾಗಿಲ್ಲ, ನೀವು ನಿಲ್ಲಿಸಿದರೆ ಲಿವರ್ ಮೊದಲಿನ ಸ್ಥಿತಿಗೆ ವಾಪಸ್ ಬರುತ್ತದೆ ಅಂದಿರಿ. ವಾಪಸ್ ಬರುತ್ತದೆ ಅನ್ನುವ ಆ ಮಾತನ್ನು ಹಿಡಿದುಕೊಂಡೇ ನಾನು ಮೊದಲ ಆರು ತಿಂಗಳು ದಾಟಿದೆ.

ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೂ ನೀವೇ ಕಳಿಸಿದ್ದು. ಅದು ಶುರುವಾದದ್ದು 1935ರಲ್ಲಿ, ಅಮೆರಿಕದ ಅಕ್ರನ್ ಊರಿನಲ್ಲಿ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್, ಮತ್ತೆ ಕುಡಿದುಬಿಡುತ್ತೇನೇನೋ ಅನ್ನುವ ಭಯಕ್ಕೆ, ತನ್ನಂಥ ಇನ್ನೊಬ್ಬನನ್ನು ಹುಡುಕಿಕೊಂಡು ಹೋದರು. ಸಿಕ್ಕವರು ಬಾಬ್ ಸ್ಮಿತ್ ಅನ್ನುವ ಸರ್ಜನ್. ಹದಿನೈದು ನಿಮಿಷ ಸಾಕು ಅಂದುಕೊಂಡು ಕೂತ ಆ ಡಾಕ್ಟರು ಗಂಟೆಗಟ್ಟಲೆ ಮಾತಾಡಿದರು. ನಾನು ಮೊದಲ ಸಲ ಆ ಕೋಣೆಯಲ್ಲಿ ಕೂತಾಗ ಒಬ್ಬರು ತಮ್ಮ ಅಪ್ಪನ ಬಗ್ಗೆ ಮಾತಾಡುತ್ತಿದ್ದರು. ಯಾರೂ ಅಡ್ಡ ಬರಲಿಲ್ಲ. ಲೋಟ ಇಲ್ಲದ ಟೆರೇಸು ಇದು ಅನ್ನಿಸಿತು. ಅಳು ಬಂತು. ಪಕ್ಕದಲ್ಲಿದ್ದ ಹಿರಿಯರು ಏನೂ ಕೇಳದೆ ನನ್ನ ಬೆನ್ನ ಮೇಲೆ ಕೈ ಇಟ್ಟರು. ಅಣ್ಣ, ಆ ಕೈ ಇನ್ನೂ ಹಾಗೇ ಇದೆ.

ಹೆಂಡತಿಗೆ ಹೇಳಬೇಕಾದ್ದನ್ನು ಅವಳಿಗೇ ಹೇಳುತ್ತೇನೆ. ಎಲ್ಲರೆದುರು ಬರೆದು ಮುಗಿಸುವಷ್ಟು ಸಣ್ಣದಲ್ಲ ಅದು.

ಶನಿವಾರ ಎರಡು ಗಂಟೆಯವರೆಗೆ ಮಾತಾಡಿದೆವು. ಹಳೇ ಹಾಡುಗಳೂ ಆದವು. ಆಮೇಲೆ ಹಾಲಿನಲ್ಲೇ ಚಾಪೆ ಹಾಸಿ ಒಬ್ಬೊಬ್ಬರಾಗಿ ಉರುಳಿಕೊಂಡಿರಿ. ನನಗೆ ನಿದ್ದೆ ಬರಲಿಲ್ಲ. ಕತ್ತಲಲ್ಲೂ ಯಾರ ಗೊರಕೆ ಯಾವುದು ಅಂತ ಗೊತ್ತಾಗುತ್ತಿತ್ತು. ಒಂದೂ ಬದಲಾಗಿಲ್ಲ. ಇಷ್ಟು ವರ್ಷದಲ್ಲಿ ನಾನು ನಿಮ್ಮೆಲ್ಲರಿಗಿಂತ ತಡವಾಗಿ ಎಚ್ಚರ ಇದ್ದದ್ದು ಇದೇ ಮೊದಲು.

ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಹೊದಿಕೆ ಜಾರಿತ್ತು. ಸರಿ ಮಾಡಿ, ಪಕ್ಕದಲ್ಲಿ ಕೂತು, ವಾಚು ಬಿಚ್ಚಿ ಕೈಲಿ ಹಿಡಿದುಕೊಂಡೆ. ನಿಮಿಷಕ್ಕೆ ಹದಿನಾಲ್ಕು. ಇನ್ನೊಮ್ಮೆ ಎಣಿಸಿದೆ, ಹದಿನಾಲ್ಕೇ. ನೀನು ಕೊಟ್ಟ ಹಾಳೆಯ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ಬರೆದಿಟ್ಟಿದ್ದೇನೆ.